ಅಕ್ಕನ ನೆತ್ತಿ

ತಮ್ಮನ ಮದುವೆಗೆ ತಂದ ಬಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಮೊರಾಯೊ ತಂಗಿಯ ಮನೆಗೆ ಹೊರಟಳು. ಮದುವೆಯೆಂದರೆ ಮನೆಯವರೆಲ್ಲ ಒಂದೇ ಬಟ್ಟೆ ತೊಡಬೇಕು. ಒಬ್ಬರು ತಪ್ಪಿದರೂ ಅಬೆಯೊಕುಟಾ ಊರಿನ ಜನ ಮದುಮಗಳನ್ನು ಬಿಟ್ಟು ಅದನ್ನೇ ಆಡಿಕೊಳ್ಳುತ್ತಾರೆ. ತಂಗಿ ಅಶಾಕೆ ಮಾತ್ರ, "ನನಗೆ ಬಟ್ಟೆ ಬೇಡ, ನಾನು ಬರೋಲ್ಲ" ಎಂದು ಹೇಳಿಕಳಿಸಿದ್ದಳು. ಹಾಗೆಂದರೆ ಸಂಬಂಧ ಕಡಿದುಕೊಂಡ ಹಾಗೆಯೇ. ಮೊರಾಯೊಗೆ ಇದ್ದವಳು ಒಬ್ಬಳೇ ತಂಗಿ.

ಚಿಕ್ಕಂದಿನಿಂದ ಅಕ್ಕನ ಜಡೆ ಹೆಣೆಯುತ್ತಿದ್ದವಳು ಅಶಾಕೆಯೇ. ಭಾನುವಾರ ಚರ್ಚಿನಿಂದ ಬಂದು ಅಕ್ಕ ನೆಲದ ಮೇಲೆ ಕೂತರೆ, ತಂಗಿ ಕುರ್ಚಿಯ ಮೇಲೆ ಕೂತು ಅವಳ ತಲೆಯನ್ನು ಮಂಡಿಗಳ ನಡುವೆ ಹಿಡಿದು, ಬೈತಲೆ ತೆಗೆದು ಹೆಣೆಯುತ್ತ ಊರವರನ್ನೆಲ್ಲ ಆಡಿಕೊಂಡು ನಗಿಸುತ್ತಿದ್ದಳು. ತಲೆಯನ್ನು ಕಂಡಕಂಡವರ ಕೈಗೆ ಕೊಡಲಾಗುತ್ತದೆಯೇ? ಬಾಚಣಿಗೆಗೆ ಸಿಕ್ಕ ಒಂದೆಳೆ ಕೂದಲು ಸಾಕು, ಆಗದವರು ಅದನ್ನು ಮಂತ್ರವಾದಿಯ ಹತ್ತಿರ ಒಯ್ದು ಮನೆ ಹಾಳು ಮಾಡಿಬಿಡುತ್ತಾರೆ.

ನಾಲ್ಕು ವರ್ಷದ ಹಿಂದೆ ಮೊರಾಯೊಳ ನೆತ್ತಿ ಉರಿಯತೊಡಗಿತು. ಕೂದಲು ನಡುವಿನಿಂದ ಉದುರುತ್ತ ಸುತ್ತಲಿಗೆ ಹರಡಿತು. "ಬೇರು ಸತ್ತು ಕಲೆ ಕೂತಿದೆಯಮ್ಮ, ಅಲ್ಲಿ ಇನ್ನು ಹುಟ್ಟೋಲ್ಲ. ಹರಡದ ಹಾಗೆ ಔಷಧಿ ಕೊಡ್ತೀನಿ, ಬಿಗಿ ಜಡೆ ಬಿಟ್ಟುಬಿಡಿ" ಎಂದರು ಡಾಕ್ಟರು. ಯಾಕೆ ಬಂತೆಂದು ಕೇಳಿದರೆ, "ನಮ್ಮ ಹೆಂಗಸರಿಗೆ ಬರುತ್ತೆ. ಯಾಕೆ ಅಂತ ಪೂರ್ತಿ ಯಾರಿಗೂ ಗೊತ್ತಿಲ್ಲ" ಎಂದರು. ಅಂದಿನಿಂದ ತಲೆಗೆ ಕೃತಕ ಕೂದಲಿನ ಟೋಪನ್ನು, ಅದರ ಮೇಲೆ ತಲೆವಸ್ತ್ರ. ಗಂಡನಿಗೂ ತೋರಿಸಲಿಲ್ಲ. ತಂಗಿಗೆ, "ಈಗ ಪಾರ್ಲರಿನಲ್ಲಿ ಮಾಡಿಸ್ಕೋತೀನಿ" ಎಂದು ಸುಳ್ಳು ಹೇಳಿದಳು.

ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಮದುವೆಯಾಗಿ ಒಂಬತ್ತು ವರ್ಷವಾದರೂ ಅಶಾಕೆಗೆ ಮಕ್ಕಳಿಲ್ಲ. "ಮೂರು ಹೆತ್ತ ಅಕ್ಕ ಬಂಜೆ ತಂಗಿಯ ಕೈಗೆ ತಲೆ ಕೊಡ್ತಾಳಾ? ಏನೋ ಕಂಡಿದ್ದಾಳೆ, ಅದಕ್ಕೇ ಬಿಟ್ಟಳು" ಎಂದು ಸಂತೆಯಲ್ಲಿ ಗುಸುಗುಸು ಎದ್ದಿತು. ಅದು ಮೊರಾಯೊಳ ಕಿವಿಗೂ ಬಿದ್ದಿತ್ತು. ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಆದರೆ ಆ ಮಾತು ಹೇಳುವುದಕ್ಕೆ ತಲೆ ತೋರಿಸಬೇಕಿತ್ತು.

ಅಶಾಕೆ ಮನೆ ಮುಂದೆ ಅಲಸಂದೆ ವಡೆ ಕರಿಯುತ್ತಿದ್ದಳು. ಏಳಲಿಲ್ಲ.

"ಕೂರು ಅಂತಾನೂ ಹೇಳೋಲ್ವೇನೆ?"

"ಕೂತ್ಕೋ. ದೂರ ಕೂತ್ಕೋ, ಎಣ್ಣೆ ಸಿಡಿಯುತ್ತೆ. ಆಮೇಲೆ ಅದಕ್ಕೂ ನಾನೇ ಕಾರಣ ಅಂತಾರೆ."

"ನೀನು ಬರ್ದಿದ್ರೆ ತಮ್ಮ ಎಷ್ಟು ನೊಂದ್ಕೋತಾನೆ ಗೊತ್ತಾ?"

"ಮದುವೆ ಗಂಡಿಗೆ ನೊಂದ್ಕೊಳ್ಳೋಕೆ ಪುರುಸೊತ್ತೆಲ್ಲಿ? ಅವನ ನೆಪ ಹೇಳ್ಬೇಡ." ಅವಳು ಸೌಟು ಕೆಳಗಿಟ್ಟಳು. "ನನ್ನ ನಾದಿನಿ ತನ್ನ ಮಗೂನ ನನ್ನ ಕೈಗೆ ಕೊಡ್ತಿಲ್ಲ ಅಕ್ಕ. ಸ್ವಂತ ಅಕ್ಕನೇ ನಂಬದೋಳನ್ನ ನಾವು ಹೇಗೆ ನಂಬೋದು ಅಂತಾಳೆ. ನಿನ್ನ ಒಂದು ಕೂದಲು ಇಟ್ಕೊಂಡು ನಾನೇನು ಮಾಡ್ತಿದ್ದೆ, ಹೇಳು."

ಇದು ಮೊರಾಯೊಗೆ ಗೊತ್ತಿರಲಿಲ್ಲ. ತಂಗಿಯ ಕೈ ಹಿಡಿದು ಒಳಗೆ ಕರೆದೊಯ್ದು ಬಾಗಿಲು ಹಾಕಿದಳು. ತಲೆವಸ್ತ್ರ ಬಿಚ್ಚಿದಳು, ಟೋಪನ್ ತೆಗೆದಳು. ಅಂಗೈಯಗಲ ನೆತ್ತಿ ತಿಕ್ಕಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಸುತ್ತ ನಾಲ್ಕು ಕೂದಲು.

"ಅಯ್ಯೋ ಅಕ್ಕ," ಎಂದಳು ಅಶಾಕೆ ಮೆಲ್ಲಗೆ. "ನಂಗೆ ಹೇಳೋಕೆ ಏನಾಗಿತ್ತು?"

"ನಾಚಿಕೆ ಕಣೆ."

"ನನ್ನ ಹತ್ರಾನೂ ನಾಚಿಕೆನಾ? ನಿನ್ನ ಹೇನು ಹೆಕ್ಕಿದೋಳು ನಾನು." ಅವಳ ಕಣ್ಣು ತುಂಬಿತ್ತು. ಮೊರಾಯೊಗೆ ನಾಲ್ಕು ವರ್ಷದ ಭಾರ ಇಳಿದಂತಾಯಿತು, ಇಷ್ಟೇನೆ, ಇಷ್ಟಕ್ಕೆ ಇಷ್ಟು ದಿನ ಒಬ್ಬಳೇ ಬೆಂದೆನೆ ಎನ್ನಿಸಿತು.

ಅಷ್ಟರಲ್ಲಿ ಅಶಾಕೆ ಕೇಳಿದಳು: "ಶುರುವಾದಾಗ ಹೆಣೀತಿದ್ದೋಳು ನಾನೇ ಅಲ್ವಾ?"

"ಇದು ಕಾಯಿಲೆ ಕಣೆ. ಡಾಕ್ಟರೇ ಹೇಳಿದ್ದಾರೆ."

"ಡಾಕ್ಟರ ಮಾತು ಬಿಡು. ಒಂದು ದಿನಾನೂ, ಇದು ಅಶಾಕೆ ಮಾಡಿದ್ದು ಅಂತ ನಿಂಗೆ ಅನ್ನಿಸ್ಲಿಲ್ವಾ?"

ತಕ್ಷಣ ಇಲ್ಲ ಅನ್ನಬೇಕಿತ್ತು. ಆದರೆ ಒಂದು ದಿನ ಅನ್ನಿಸಿತ್ತು. ಆ ದಿನ ಅವಳು ತಂಗಿ ಮುಟ್ಟಿದ ಬಾಚಣಿಗೆಯನ್ನು ಒಲೆಗೆ ಹಾಕಿ, ಮರುದಿನ ತನ್ನನ್ನೇ ಶಪಿಸಿಕೊಂಡಿದ್ದಳು.

"ಇಲ್ಲ" ಎಂದಳು ಮೊರಾಯೊ. ಹೇಳುವಷ್ಟರಲ್ಲಿ ತಡವಾಗಿತ್ತು.

ಅಶಾಕೆ ಕಣ್ಣೊರೆಸಿಕೊಂಡಳು. "ಬಟ್ಟೆ ಇಟ್ಟು ಹೋಗು, ಮದುವೆಗೆ ಬರ್ತೀನಿ. ನಿನ್ನ ತಲೆ ವಿಷಯ ನಾನು ಯಾರಿಗೂ ಹೇಳೋಲ್ಲ. ನಂಗೆ ಬಂದ ಕೆಟ್ಟ ಹೆಸರು ನಂಗೇ ಇರ್ಲಿ."

"ಅಶಾಕೆ..."

"ಬಗ್ಗು. ಹೀಗೆ ಬೀದೀಲಿ ಹೋಗ್ತೀಯಾ?"

ಅವಳು ಟೋಪನ್ನನ್ನು ಸರಿಯಾಗಿ ಕೂರಿಸಿದಳು. ತಲೆವಸ್ತ್ರವನ್ನು ನೆರಿಗೆ ಹಿಡಿದು, ಸುತ್ತಿ, ಹಿಂದೆ ಗಂಟು ಹಾಕಿದಳು. ಅಷ್ಟು ಚಂದವಾಗಿ ಊರಲ್ಲಿ ಇನ್ನಾರಿಗೂ ಕಟ್ಟಲು ಬರುವುದಿಲ್ಲ. ಅಷ್ಟೂ ಹೊತ್ತು ಅವಳ ಬೆರಳು ಅಕ್ಕನ ತಲೆಗೆ ಒಮ್ಮೆಯೂ ತಾಗಲಿಲ್ಲ.