ಬೆಕ್ಕು ಮರಿ ಹಾಕಿದ ಫೈರ್ ಎಂಜಿನ್

ಹೇಗೆ ನಿಂತಿದ್ದಾಳೆ ನೋಡು, ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ತನ್ನ ಮನೆಯ ಅಡುಗೆಕಟ್ಟೆಗೆ ಒರಗಿದ ಹಾಗೆ — ಹಿಂದಿನ ಬೆಂಚಿನಿಂದ ಅಕ್ಕ ನೋಡುತ್ತಿದ್ದಳು, ಬೋರ್ಡಿನ ಮುಂದಿರುವುದು ಹೊರಗಿನವಳಲ್ಲ, ಒಡಹುಟ್ಟಿದ ತಂಗಿ, ಮನೆಮಂದಿಗೆಲ್ಲ ಇವತ್ತಿಗೂ ಗುಬ್ಬಿ, ಸರ್ಕಾರಿ ಹಣಕಾಸು ನಿರ್ವಹಣೆಯ ಎಂ.ಎ. ತರಗತಿಯಲ್ಲಿ ಈಗ ಸಹಪಾಠಿ ಬೇರೆ. ಈ ಓದಿಗಾಗಿ ಕನವರಿಸಿದ್ದು ಯಾರು, ಪುರಸಭೆಯ ಲೆಕ್ಕಪತ್ರ ವಿಭಾಗದಲ್ಲಿ ಕೂತು ಕೂತು ಕೂದಲು ನರೆಸಿಕೊಂಡ ತಾನು, ಮಕ್ಕಳು ದೊಡ್ಡವರಾಗಲಿ, ಅತ್ತೆಯ ಮಂಡಿ ಆಪರೇಷನ್ ಮುಗಿಯಲಿ ಎಂದು ಮುಂದೂಡಿ ಮುಂದೂಡಿ ಕೊನೆಗೊಮ್ಮೆ ಸೇರಿದರೆ, ಬ್ಯಾಂಕಿನಲ್ಲಿ ಆರಾಮಾಗಿದ್ದ ಗುಬ್ಬಿ, ನೀನೊಬ್ಳೇ ಯಾಕಕ್ಕಾ ಹೋಗ್ತೀಯ, ನಾನೂ ಬರ್ತೀನಿ, ಶನಿವಾರ ನಂಗೂ ಬೋರು — ಬೋರಂತೆ! ಬೋರಾಗಿ ಬಂದವಳಿಗೇ ಮೊದಲ ಪರೀಕ್ಷೆಯಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ, ಮೇಷ್ಟ್ರ ಕಣ್ಣೆಲ್ಲ ಅವಳ ಮೇಲೆ. ಚಿಕ್ಕಂದಿನಲ್ಲೂ ಅಷ್ಟೇ, ತನ್ನ ಅಳತೆಗೆ ಹೊಲಿಸಿದ ಲಂಗ ಗುಬ್ಬಿಗೆ ಜಾಸ್ತಿ ಒಪ್ಪುತ್ತಿತ್ತು, ಬಂದ ನೆಂಟರು ದೊಡ್ಡವಳಿಗೆ ಜವಾಬ್ದಾರಿ, ಚಿಕ್ಕವಳು ಚುರುಕು ಎನ್ನುತ್ತಿದ್ದರು, ಜವಾಬ್ದಾರಿ ಅಂದರೆ ಹೊಗಳಿಕೆ ಅಂತಲೇ ಎಷ್ಟು ವರ್ಷ ಹಿಗ್ಗಿದ್ದಳಲ್ಲ, ಪೆದ್ದಿ — ಈಗ ತರಗತಿಯೆಲ್ಲ ಗೊಳ್ಳೆಂದು ನಗುತ್ತಿದೆ, ಯಾಕೆ, ಅಯ್ಯೋ, ಇವಳು ಫೈರ್ ಎಂಜಿನ್ ಕಥೆ ಹೇಳುತ್ತಿದ್ದಾಳೆ, ತನ್ನ ಕಥೆ! ಮೊನ್ನೆ ಒಣಗಿದ ಬಟ್ಟೆ ಮಡಿಸುತ್ತ ತಾನೇ ಹೇಳಿದ್ದು: ಪುರಸಭೆಗೆ ಹೊಸ ಫೈರ್ ಎಂಜಿನ್ ಬಂತು, ಅಧ್ಯಕ್ಷರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು, ಓಡಿಸಲು ಡ್ರೈವರ್ ಇಲ್ಲ, ಹಾಕಲು ಡೀಸೆಲ್ ಇಲ್ಲ, ಕೊನೆಗೆ ಸೀಟಿನ ಮೇಲೆ ಬೆಕ್ಕು ಮರಿ ಹಾಕಿತು, ಬೆಕ್ಕಿನ ಹತ್ತಿರ ಬಂದಾಗ ಸ್ವಲ್ಪ ತಡೆದು ಹೇಳುವ ಆ ಧಾಟಿಯೂ ತನ್ನದೇ, ಮುಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡಿದ್ದಾರೆ, ಮೇಷ್ಟ್ರು ಪುರಸಭೆಗಳ ಬಜೆಟ್ ಅಧ್ಯಯನದ ತಂಡಕ್ಕೆ ಇವತ್ತು ಒಬ್ಬರನ್ನು ಆರಿಸುತ್ತೇನೆ ಎಂದಿದ್ದರು, ಮುಗಿಯಿತು, ಅದೂ ಅವಳಿಗೇ — ನಗು ಅಡಗಿತು, ಮೇಷ್ಟ್ರು ಕೇಳುತ್ತಿದ್ದಾರೆ, ಅದೆಲ್ಲ ಸರಿ ಕಣಮ್ಮ, ಡ್ರೈವರ್ ಇಲ್ಲ ಅಂತ ಗೊತ್ತಿದ್ದೂ ಗಾಡಿ ಕೊಳ್ಳೋಕೆ ಹೇಗೆ ಬಿಟ್ರು? ಗುಬ್ಬಿ ಭಾರವನ್ನು ಈ ಕಾಲಿನಿಂದ ಆ ಕಾಲಿಗೆ ಬದಲಿಸಿದಳು, ಮತ್ತೆ ಬದಲಿಸಿದಳು; ಉತ್ತರ ತನ್ನ ನಾಲಿಗೆಯ ತುದಿಯಲ್ಲಿದೆ, ಹೇಳಬಹುದು, ಹೇಳಲಾರಳು, ನಿಲ್ಲಲಿ, ಒಂದು ಸಲವಾದರೂ ಹಾಗೆ ನಿಲ್ಲಲಿ, ಎಂಥ ತಂಪು, ಬಿಸಿಲಲ್ಲಿ ನಡೆದು ಬಂದು ಬರಿಗಾಲು ನೆಲಕ್ಕಿಟ್ಟ ಹಾಗೆ —

ಸರ್, ಈ ಕಥೆ ನಂದಲ್ಲ, ನಮ್ಮಕ್ಕಂದು, ಅವಳ ಆಫೀಸಲ್ಲಿ ಆಗಿದ್ದು, ಅವಳನ್ನೇ ಕೇಳಿ, ಬಾರೇ ಅಕ್ಕಾ. ಎಲ್ಲರ ಕತ್ತೂ ತಿರುಗಿತು, ಕೊಡುವುದರಲ್ಲೂ ಇವಳದೇ ಮೇಲುಗೈ, ತಾನು ಎದ್ದು ಬೋರ್ಡಿನವರೆಗೆ ಹೇಗೆ ಹೋದಳೋ, ಹೇಳತೊಡಗಿದಳು: ಗಾಡಿಗೆ ಸರ್ಕಾರದ ಅನುದಾನ ಸರ್, ವರ್ಷದೊಳಗೆ ಖರ್ಚು ಮಾಡದಿದ್ರೆ ವಾಪಸ್ ಹೋಗುತ್ತೆ, ಸಂಬಳ ಡೀಸೆಲ್ ಎಲ್ಲ ನಾವೇ ನೋಡ್ಕೋಬೇಕು, ಆ ಫೈಲು ಒಂದು ಟೇಬಲ್ಲಲ್ಲಿ, ಈ ಫೈಲು ಇನ್ನೊಂದು ಟೇಬಲ್ಲಲ್ಲಿ, ನಾನು ಬೇಡ ಅಂತ ಬರೆದೆ, ಮೊದ್ಲು ಗಾಡಿ ಬರ್ಲಿ ಬಿಡಮ್ಮ, ಆಮೇಲೆ ನೋಡೋಣ ಅಂದ್ರು ಸಾಹೇಬ್ರು. ಮೇಷ್ಟ್ರು ಕನ್ನಡಕ ತೆಗೆದರು, ನೀವು ಬನ್ನಿ ನಮ್ಮ ತಂಡಕ್ಕೆ, ಎಂದರು, ನೀವು ಎಂದರೆ ತಾನು, ತಾನೇ, ಇನ್ನೇನು ಬೇಕು, ಬೇಕಾಗಿದ್ದೆಲ್ಲ ಬಂತಲ್ಲ, ಆದರೂ ಒಳಗಿನ ಉರಿ ಆರಲೊಲ್ಲದು; ಎಲ್ಲರೂ ಚಪ್ಪಾಳೆ ತಟ್ಟಿ ನಿಲ್ಲಿಸಿದರು, ಗುಬ್ಬಿ ಒಬ್ಬಳೇ ಇನ್ನೂ ತಟ್ಟುತ್ತಿದ್ದಾಳೆ, ಕಣ್ಣಲ್ಲಿ ನೀರು, ನಾಟಕವಲ್ಲ, ನಾಟಕವಾಗಿದ್ದರೆ ಎಷ್ಟು ಚೆನ್ನಾಗಿತ್ತು, ತನಗೆ ಬರುತ್ತದೆಯೇ ಹಾಗೆ ತಟ್ಟಲು, ಆ ಜಾಗದಲ್ಲಿ ತಾನಿದ್ದು ಇವಳು ಗೆದ್ದಿದ್ದರೆ — ಅಂಗೈ ಕೆಂಪಾಗಿದೆ, ಸಾಕು ಮಾಡೇ, ಸಾಕು, ಕೆಂಪಾದ ಎರಡು ಅಂಗೈ, ಅಗಲುತ್ತವೆ, ಕೂಡುತ್ತವೆ, ಎರಡು ಅಂಗೈ