ಕಾಂಪೌಂಡಿನ ಮೇಲಿನ ಕಂಬಳಿ

ಬದನೆಕಾಯಿ ಚೀಲವನ್ನು ಅಡುಗೆಕಟ್ಟೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ತುಂಗಮ್ಮ ನೀರಿನ ಚೊಂಬಿಗೆ ಕೈ ಚಾಚಿದಳು. ಚೊಂಬು ಇರಬೇಕಾದಲ್ಲಿ ಮಿಕ್ಸಿ ಇತ್ತು. ಅದು ಅವಳ ಮನೆಯಲ್ಲ. ಹಿಂದೆ ಬಚ್ಚಲಿನಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಚೀಲವನ್ನೂ ಮರೆತು ಅವಳು ಅಲ್ಲಿಂದ ಕಾಲ್ಕಿತ್ತಳು.

ತಪ್ಪೆಲ್ಲ ಅವಳದೇ ಎನ್ನುವ ಹಾಗೂ ಇಲ್ಲ. ಶಿವಮೊಗ್ಗದಿಂದ ಗಾಜನೂರಿಗೆ ಹೋಗುವ ರಸ್ತೆಯ ಪಕ್ಕದ ಆ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದವು. ಗೋಡೆಗೆ ಕೆನೆ ಬಣ್ಣ, ಗೇಟಿಗೆ ಕಂದು ಬಣ್ಣ, ಬೇರೆ ಬಳಿಯುವಂತಿಲ್ಲ. ಧಾರ್ಮಿಕ ಚಿಹ್ನೆಗಳನ್ನು ಬಿಟ್ಟರೆ ಮನೆಯ ಮುಂದೆ ಏನನ್ನೂ ನೇತುಹಾಕುವಂತಿಲ್ಲ. ಇದು ನಿವಾಸಿಗಳ ಸಂಘದ ನಿಯಮ. ಮನೆ ನಂಬರಿನ ಸ್ಟೀಲ್ ತಗಡು ಬಿಸಿಲಿಗೆ ಹೊಳೆಯುತ್ತಿತ್ತೇ ಹೊರತು ತುಂಗಮ್ಮನ ಕಣ್ಣಿಗೆ ಅದರ ಅಂಕಿ ಕಾಣುತ್ತಿರಲಿಲ್ಲ.

ಗಂಡ ಬೀರಪ್ಪ ಭದ್ರಾವತಿಯ ಕಾರ್ಖಾನೆಯಲ್ಲಿದ್ದಾಗ ಕ್ವಾರ್ಟರ್ಸಿನ ಮನೆಗಳೂ ಒಂದೇ ಥರ ಇದ್ದವು, ನಿಜ. ಆದರೆ ಪಕ್ಕದ ತಮಿಳರ ಮನೆಯವರು ಬಾಗಿಲಿಗೆ ಗಿಳಿಹಸಿರು ಬಳಿದಿದ್ದರು, ಎದುರಿನವರು ಕೋಳಿಗೂಡು ಕಟ್ಟಿದ್ದರು, ಇವಳು ನುಗ್ಗೆಗಿಡ ಬೆಳೆಸಿದ್ದಳು. ಯಾರೂ ಚಕಾರ ಎತ್ತಿರಲಿಲ್ಲ. ಕಂಪನಿಯ ಮನೆಯಲ್ಲಿ ಮನಸ್ಸಿಗೆ ಬಂದಂತೆ ಇದ್ದವರು, ಸ್ವಂತ ಮನೆಗೆ ಬಂದ ಮೇಲೆ ಒಂದು ಮೊಳೆ ಹೊಡೆಯಲೂ ಯಾರನ್ನೋ ಕೇಳಬೇಕಾಗಿತ್ತು. ಹಾಗಾದರೆ ಸ್ವಂತ ಅಂದರೇನು? ತುಂಗಮ್ಮನಿಗೆ ಇದರ ತಲೆಬುಡ ಅರ್ಥವಾಗಿರಲಿಲ್ಲ.

ಆದರೆ ಅವಳನ್ನು ಕೊರೆಯುತ್ತಿದ್ದುದು ಅದಲ್ಲ. ಅವಳ ಅಮ್ಮ ಕೊನೆಗಾಲದಲ್ಲಿ ಅರಳುಮರಳಾಗಿ, ಇವಳನ್ನೇ ನೋಡಿ ನೀನು ಯಾರ ಮಗಳು ಎಂದು ಕೇಳಿದ್ದಳು. ಆ ಕಾಯಿಲೆ ತನಗೂ ಬಂತೇ ಎಂದು ತುಂಗಮ್ಮ ಒಳಗೊಳಗೇ ಹೆದರಿದಳು. ಗಂಡನಿಗೆ ಹೇಳಲಿಲ್ಲ. ಮಗಳು ಸುಪ್ರಿಯಾಳಿಗಂತೂ ಹೇಳಲೇ ಇಲ್ಲ, ಹೇಳಿದ್ದರೆ ಅವಳು ಮರುದಿನವೇ ಡಾಕ್ಟರ ಮುಂದೆ ಕೂರಿಸುತ್ತಿದ್ದಳು.

ಅದರ ಬದಲು ಹಳೆಯ ಕರಿ ಕಂಬಳಿಯೊಂದನ್ನು ಕಾಂಪೌಂಡಿನ ಮೇಲೆ ಹರವಿದಳು. ಕೆನೆ ಬಣ್ಣದ ಸಾಲಿನಲ್ಲಿ ಅದು ತಿರುವಿನಿಂದಲೇ ಕಾಣುತ್ತಿತ್ತು. ನುಸಿ ಬಂದಿದೆ, ಬಿಸಿಲಿಗೆ ಹಾಕಿದ್ದೇನೆ ಎಂದು ಬೀರಪ್ಪನಿಗೆ ಹೇಳಿದಳು. ವಾರ ಕಳೆದರೂ ನುಸಿ ಹೋಗಲಿಲ್ಲ, ಕಂಬಳಿಯೂ ಒಳಗೆ ಬರಲಿಲ್ಲ.

ಸಂಘದ ಕಾರ್ಯದರ್ಶಿ ವಸಂತ್ ಬಂದ. ಮರ್ಯಾದಸ್ಥ, ಯಾರ ಮನಸ್ಸನ್ನೂ ನೋಯಿಸುವವನಲ್ಲ. ಅದು ಅವರ ಮನೆದೇವರ ಕಂಬಳಿಯಾಗಿದ್ದರೆ ನಿಯಮದ ಅಡ್ಡಿಯಿಲ್ಲ, ಭಾನುವಾರದ ಸಭೆಯಲ್ಲಿ ಹಾಗೆಂದು ಒಂದು ಮಾತು ಹೇಳಿದರೆ ಸಾಕು ಎಂದು ತಾನೇ ದಾರಿ ತೋರಿಸಿ ಹೋದ.

"ಹೌದು ಅಂದ್ಬಿಡು ಮಾರಾಯ್ತಿ, ನಿನ್ ಗಂಟೇನು ಹೋಗುತ್ತೆ?" ಎಂದ ಬೀರಪ್ಪ.

ಹೋಗುವುದಿತ್ತು. ದೇವರ ಕಂಬಳಿ ಒಳಗೆ, ದೇವರ ಕೋಣೆಯಲ್ಲಿ, ಭಂಡಾರದ ಅರಿಶಿನ ಹಚ್ಚಿಸಿಕೊಂಡು ಮಡಚಿದಂತೆಯೇ ಇತ್ತು. ಕಂಬಳಿಯನ್ನೇ ದೇವರೆಂದು ಪೂಜಿಸುವ ಆ ಮನೆತನದಲ್ಲಿ ಅದರ ಹೆಸರಿನಲ್ಲಿ ಯಾರೂ ಸುಳ್ಳು ಹೇಳಿದವರಲ್ಲ. ನಿಜ ಹೇಳಿದರೆ ಊರಿಗೆಲ್ಲ ತನ್ನ ತಲೆ ಕೆಟ್ಟ ಸುದ್ದಿ. ಭಾನುವಾರ ಸಂಜೆಯವರೆಗೂ ಅವಳಿಗೆ ದಾರಿ ತೋಚಲಿಲ್ಲ. ಜಗಳವೆಂದರೆ ಆಗದ ಬೀರಪ್ಪ ಮನೆಯಲ್ಲೇ ಉಳಿದ. ಅವಳು ಒಬ್ಬಳೇ ಪಾರ್ಕಿನ ಸಭೆಗೆ ಹೋದಳು.

ವಸಂತ್ ಕೇಳಿದಾಗ ಎದ್ದು ನಿಂತಳು. "ದೇವರದ್ದಲ್ಲ ಸಾರ್, ಹೊದ್ಕೊಳ್ಳೋದು. ಅದಿಲ್ದಿದ್ರೆ ನಂಗೆ ನಮ್ಮನೆ ಯಾವ್ದು ಅಂತ ಗೊತ್ತಾಗಲ್ಲ. ಒಂದಿನ ಯಾರದೋ ಅಡುಗೆಮನೆಗೆ ಹೋಗಿ ಬದನೆಕಾಯಿ ಇಟ್ಟು ಬಂದೀನಿ."

ತುಂಗಮ್ಮನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ಆಗ ವಸಂತನ ಹೆಂಡತಿ ಶಾಮಲಾ ನಿಧಾನವಾಗಿ ಬಾಯಿ ತೆರೆದಳು.

"ಆ ಬದನೆಕಾಯಿ ನಿಮ್ದಾ? ಇವರು ತಂದಿದ್ದು ಅಂದ್ಕೊಂಡು ನಾನು ಎಣ್ಣೆಗಾಯಿ ಮಾಡ್ದೆ. ನಾನು ತಂದಿದ್ದು ಅಂದ್ಕೊಂಡು ಇವರು ತಿಂದ್ರು."

ಸಭೆಯೆಲ್ಲ ನಕ್ಕಿತು. ತುಂಗಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗು ನಿಂತ ಮೇಲೂ ನಿಯಮ ನಿಯಮವೇ ಆಗಿ ಉಳಿದಿತ್ತು. ಕಂಬಳಿ ಧಾರ್ಮಿಕವಲ್ಲ, ಹಾಗಾಗಿ ತೆಗೆಯಬೇಕು ಎಂದ ವಸಂತ್, ತನಗೂ ಬೇಸರವಿದೆ ಎಂದು ಸೇರಿಸಿದ. ಬಡಾವಣೆಯ ಅಂದ ಮುಖ್ಯವೋ ಹೆಂಗಸಿನ ಕಷ್ಟ ಮುಖ್ಯವೋ ಎಂದು ಚರ್ಚೆ ಎಲ್ಲೆಲ್ಲಿಗೋ ಹೋಗಿ, ಕೊನೆಗೆ ಎಲ್ಲರೂ ಹೋಗಿ ಕಂಬಳಿಯನ್ನು ಕಣ್ಣಾರೆ ನೋಡೋಣ ಎಂದಾಯಿತು.

ಮಬ್ಬುಗತ್ತಲಲ್ಲಿ ಗುಂಪು ತಿರುವಿಗೆ ಬಂದು ನಿಂತಿತು. ಕಂಬಳಿ ಇರಲಿಲ್ಲ. ಸಭೆಯಲ್ಲಿ ಏನಾಗುತ್ತದೋ ಎಂದು ಹೆದರಿ ಬೀರಪ್ಪ ಅದನ್ನು ಒಳಗೆ ಒಯ್ದಿದ್ದ. ಸಾಲಾಗಿ ಕೆನೆ ಗೋಡೆ, ಕಂದು ಗೇಟು. ತುಂಗಮ್ಮ ದಿಕ್ಕುತೋಚದೆ ನಿಂತಳು.

ಶಾಮಲಾ ಅವಳ ತೋಳು ಹಿಡಿದು ಪಿಸುಗುಟ್ಟಿದಳು, "ನಾನೂ ಈಗೀಗ ನಿಮ್ ಕಂಬಳಿ ನೋಡ್ಕೊಂಡೇ ಬರ್ತಿದ್ದೆ. ಅದರಿಂದ ಎರಡನೇದು ನಮ್ಮನೆ."

ವಸಂತನಿಗೆ ಅಂಥ ಅನುಮಾನವೇನೂ ಇರಲಿಲ್ಲ. ಮನೆಯಿಂದ ಟಾರ್ಚ್ ತರುತ್ತೇನೆ ಎಂದವನು ನೇರ ನಡೆದು, ಒಂದು ಗೇಟು ತಳ್ಳಿ, ಮೆಟ್ಟಿಲೇರಿ, ಬೀಗದ ಕೈ ಹಾಕಿ ತಿರುಗಿಸಿದ. ತಿರುಗಲಿಲ್ಲ. ಮತ್ತೆ ತಿರುಗಿಸಿದ. ಒಳಗಿನಿಂದ ಬಾಗಿಲು ತೆರೆಯಿತು. ಮಡಚಿದ ಕಂಬಳಿಯನ್ನು ಕಂಕುಳಲ್ಲಿಟ್ಟುಕೊಂಡು ಬೀರಪ್ಪ ನಿಂತಿದ್ದ.

ಯಾರೂ ನಗಲಿಲ್ಲ. ತುಂಗಮ್ಮ ಮೆಟ್ಟಿಲೇರಿ ಗಂಡನ ಕಂಕುಳಿಂದ ಕಂಬಳಿ ಎಳೆದುಕೊಂಡು ಕಾಂಪೌಂಡಿನ ಬಳಿ ಬಂದಳು. ಅಮ್ಮ ನೆನಪಾದಳು, ಆದರೆ ಹೆದರಿಕೆಯಾಗಲಿಲ್ಲ.

"ಒಂದ್ ಕಡೆ ಹಿಡ್ಕೊಳ್ಳಿ ಸಾರ್," ಎಂದಳು.

ವಸಂತ್ ಬೀಗದ ಕೈ ಜೇಬಿಗಿಟ್ಟು, ಕಂಬಳಿಯ ಇನ್ನೊಂದು ತುದಿ ಹಿಡಿದ.