ಕೆಂಚವ್ವ ಓಂ ಅಂದಳು

ಹಿಟ್ಟಿನ ಗಿರಣಿಯ ಮುಂದೆ ಹೆಂಗಸರ ಪಾಳಿ ಹತ್ತಿತ್ತು. ಕೆಂಚವ್ವನ ಪಾಳಿ ಇನ್ನೇನು ಬರಬೇಕು, ಅಷ್ಟರಲ್ಲಿ ಅವಳ ಉಸಿರು ಸಿಕ್ಕಿಕೊಂಡಿತು. ಎದೆ ಡವಡವ ಹೊಡೆದುಕೊಂಡಿತು. ಕೈಕಾಲು ತಣ್ಣಗಾದವು. ತಲೆಯ ಮೇಲಿದ್ದ ಬುಟ್ಟಿ ಬಿದ್ದು ಜೋಳವೆಲ್ಲ ಮಣ್ಣಿನಲ್ಲಿ ಚೆಲ್ಲಿತು. ಅವಳು ಗೋಡೆ ಹಿಡಿದುಕೊಂಡು ಹಾಗೇ ಕುಸಿದಳು.

"ಮತ್ತ ಬಂತು ನೋಡವ್ವ ಆಕಿಗೆ," ಅಂದಳು ಒಬ್ಬಾಕೆ.

"ಸತ್ತ ಮಗಳು ಬೆನ್ನ ಹತ್ಯಾಳ. ಗಾಳಿ ಅದು. ಹುಡುಗೂರನ್ನ ದೂರ ಕರಕೋರಿ," ಅಂದಳು ಇನ್ನೊಬ್ಬಾಕೆ.

ಎಲ್ಲರೂ ಒಂದಿಷ್ಟು ಹಿಂದೆ ಸರಿದರು. ಚೆಲ್ಲಿದ ಕಾಳು ಆರಿಸಲು ಯಾರೂ ಬಗ್ಗಲಿಲ್ಲ.

ಇದು 2002ನೇ ಇಸವಿಯ ಮಾತು. ನವಿಲುತೀರ್ಥದ ಡ್ಯಾಮಿನಿಂದ ನೀರು ಹರಿದುಬರುವ ಕೆನಾಲಿನ ದಂಡೆಯ ಮೇಲೆ ಒಂದು ಸಣ್ಣ ಊರು. ಅಲ್ಲಿ ಕೆಂಚವ್ವ, ಅವಳ ಗಂಡ ಅಂದಾನೆಪ್ಪ, ಅತ್ತೆ ಕಾಡವ್ವ, ಹೀಗೆ ಮನೆಯಲ್ಲಿ ಮೂರೇ ಜನ. ಎರಡು ವರ್ಷದ ಹಿಂದೆ ನಾಲ್ಕು ಜನ ಇದ್ದರು. ಮಗಳು ಮಧು ಏಳನೇ ಇಯತ್ತೆಯಲ್ಲಿದ್ದಳು. ಗೆಳತಿಯರ ಜೋಡಿ ಕೌದಿ ಒಗೆಯಲು ಕೆನಾಲಿಗೆ ಹೋದವಳು ನೀರಿಗಿಳಿಯುವ ಪಾವಟಿಗೆಯ ಮೇಲೆ ಕಾಲು ಜಾರಿದಳು. ಅಷ್ಟೇ.

ಮೊದಮೊದಲು ಮನೆ ತುಂಬ ಮಂದಿ ಬಂದರು, ಅತ್ತರು, ಹೋದರು. ಆಮೇಲೆ ಅವರವರ ಹೊಲ, ಅವರವರ ಮನೆ. ಹಾದಿಯಲ್ಲಿ ಕೆಂಚವ್ವ ಎದುರು ಬಂದರೆ ಏನು ಮಾತಾಡಬೇಕೋ ತಿಳಿಯದೆ ಜನ ಮುಖ ಆಚೆ ತಿರುಗಿಸತೊಡಗಿದರು. ಮನೆಯೊಳಗೂ ಅದೇ ಕಥೆ. ಅಂದಾನೆಪ್ಪ ಬೈಯುವವನಲ್ಲ, ಬಡಿಯುವವನಲ್ಲ. ಆದರೆ "ರೊಟ್ಟಿ ಹಾಕು", "ಎತ್ತಿಗೆ ನೀರು ಕುಡಿಸು" ಅನ್ನುವುದು ಬಿಟ್ಟರೆ ಅವನ ಬಾಯಿಂದ ಬೇರೆ ಮಾತಿಲ್ಲ. ತಪ್ಪಿ ಯಾರಾದರೂ ಮಧುವಿನ ಹೆಸರು ತೆಗೆದರೆ ಉಣ್ಣುವ ಗಂಗಾಳ ಸರಿಸಿ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ. ಕೆಂಚವ್ವನೂ ಆ ಹೆಸರನ್ನು ನುಂಗಿಕೊಂಡಳು. ಇಡೀ ದಿನ ಆ ಮನೆಯಲ್ಲಿ ಕೇಳುತ್ತಿದ್ದದ್ದು ಬರೀ ಭಾಂಡೆಯ ಸಪ್ಪಳ.

ಉಸಿರು ಸಿಕ್ಕುವ ಈ ಬೇನೆ ಆಗ ಶುರುವಾದದ್ದು. ಕಾಡವ್ವ ಲಿಂಬೆಹಣ್ಣು ಇಳಿಸಿದಳು, ಕೈಗೆ ಕರಿದಾರ ಕಟ್ಟಿದಳು. ಬೇನೆ ಹೋಗಲಿಲ್ಲ.

ಆ ದಿನ ಗಿರಣಿಯ ಮುಂದೆ ಕೆಂಚವ್ವನ ಬಾಜೂಕೆ ಬಂದು ಕುಳಿತವರು ಮಥುರಾಬಾಯಿ. ಸಾಲೆಯಲ್ಲಿ ಕಲಿಸಿ ಈಗ ರಿಟೈರ್ ಆದವರು. ಊರಿನವರು ಅವರನ್ನು ಬಾಯಾರು ಅನ್ನುತ್ತಾರೆ. ಕೆಂಚವ್ವನ ಮನೆಯ ಹಿಂದಿನದೇ ಅವರ ಮನೆ. ಅವರು ಕಾಳು ಬುಟ್ಟಿಗೆ ತುಂಬುತ್ತ ಮೆಲ್ಲಗೆ ಹೇಳಿದರು, "ಕೆಂಚವ್ವ, ಗಾಳಿನೋ ಬ್ಯಾನಿನೋ ಮೊದಲು ನೋಡಿಸೋಣು. ನಾಳೆ ನನ್ನ ಜೋಡಿ ಸವದತ್ತಿಗೆ ಬಾ."

ಸವದತ್ತಿಯ ಡಾಕ್ಟರು ಬಿ.ಪಿ. ನೋಡಿದರು, ರಕ್ತ ತಪಾಸ ಮಾಡಿದರು, ಎದೆಗೆ ವೈರು ಹಚ್ಚಿ ಪಟ್ಟಿ ತೆಗೆದರು. ಎಲ್ಲ ನೋಡಿದ ಮೇಲೆ ಹೇಳಿದರು.

"ಎದಿ ಗಟ್ಟಿ ಐತಿ ತಾಯಿ. ದುಃಖ ಒಳಗ ಗೂಡು ಕಟ್ಟೈತಿ. ಇದು ಹುಚ್ಚಲ್ಲ, ಗಾಳಿ ಅಲ್ಲ, ಇದೂ ಒಂದು ಬ್ಯಾನಿ. ಬಾಳ ಮಂದಿಗೆ ಬರತೈತಿ. ಗುಳಗಿ ಕೊಡತೇನಿ, ನಾ ಹೇಳೂತನಕ ಬಿಡಬ್ಯಾಡ್ರಿ. ಅದರ ಜೋಡಿ ಉಸಿರು ಸಾವಕಾಶ ತಗೊಂಡು ಸಾವಕಾಶ ಬಿಡೂದು ರೂಢಿ ಮಾಡ್ಕೋರಿ. ಮತ್ತ ಯಾರ ಮುಂದರ ಮನಸು ಬಿಚ್ಚಿ ಮಾತಾಡ್ರಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಕೆಂಚವ್ವ ಕಿಡಕಿಯ ಹೊರಗೆ ನೋಡುತ್ತ ಕೇಳಿದಳು, "ಯಾರ ಮುಂದ ಮಾತಾಡ್ಲಿ ಬಾಯಾರ?"

ಬಾಯಾರು ಗುಳಿಗೆಯ ಚೀಟಿ ಮಡಚಿ ಅವಳ ಕೈಗೆ ಕೊಟ್ಟರು. "ನಾಳೆ ಮುಂಜಾನೆ ನಮ್ಮ ಮನಿಗೆ ಬಾ," ಅಂದರು.

ಮರುದಿನ ಮುಂಜಾನೆ ಬಾಯಾರು ಚಾಪೆ ಹಾಸಿಕೊಂಡು ಕುಳಿತಿದ್ದರು.

"ನಾ ದಿನಾ ಓಂಕಾರ ಹೇಳ್ತೀನಿ. ಡಾಕ್ಟರು ಹೇಳಿದ ಉಸಿರು ಅದರಾಗ ತಾನ ಉದ್ದ ಆಗ್ತದ. ಕಲೀತಿಯೇನು?"

ಕೆಂಚವ್ವ ಬಾಗಿಲಲ್ಲೇ ನಿಂತಳು. "ಎವ್ವಾ, ಬ್ಯಾಡ್ರಿ. ಹೆಂಗಸರು ಅನ್ನಬಾರದಂತ. ಅದರಾಗ ಬರೇ ಓಂ ಅನ್ನೂದು ಸನ್ಯಾಸಿಗೋಳು. ಸಂಸಾರಸ್ಥರು ಅಂದ್ರ ಮನಿ ಮುರೀತೈತಿ ಅಂತಾಳ ನಮ್ಮತ್ತಿ."

"ನಮ್ಮ ಮನ್ಯಾಗೂ ಹಂಗ ಅಂತಿದ್ರು. ಮಾವನವರು ದೇವರ ಮುಂದ ಕೂತು ಅಂದ್ರ, ನಾವು ಒಳಗ ಅಡಗಿ ಮಾಡ್ಕೋತ ಕೇಳೂದು. ಮುಂದ ಮಾವನವರು ಹೋದ್ರು, ಇವರೂ ಹೋದ್ರು. ಒಂದು ದಿನ ಮಧ್ಯಾಹ್ನ ಊಟಕ್ಕ ಕೂತಾಗ ನನಗ ಗೊತ್ತಾತು, ಮುಂಜಾನಿಂದ ನಾ ಒಂದು ಮಾತೂ ಆಡಿಲ್ಲ ಅಂತ. ನಿನ್ನೆನೂ ಆಡಿರಲಿಲ್ಲ. ಅವತ್ತ ಬಾಯಿ ತಗದು ಓಂ ಅಂದೆ. ನನ್ನ ದನಿ ನನಗ ಗುರ್ತ ಸಿಗಲಿಲ್ಲ, ಕೆಂಚವ್ವ."

ಬಾಯಾರು ಹೊರಳಿ ಅವಳ ಮುಖ ನೋಡಿದರು. "ನೀವು ದಿನಾ ನಮಃ ಶಿವಾಯ ಅಂತೀರಲ್ಲ, ಅದರ ಸುರುವಿಗೆ ಏನದ?"

ಕೆಂಚವ್ವ ಯೋಚಿಸಿದಳು. "ಓಂ."

"ಹಂಗಾದ್ರ ಅದು ನಿಮ್ಮ ಮನ್ಯಾಗ ಮೊದಲ ಅದ. ಮನಿ ಏನೂ ಮುರಿದಿಲ್ಲ. ಬಾ, ಈ ಚಾಪಿ ಮ್ಯಾಲ ನನ್ನ ಬಾಜೂಕ ಕೂಡು."

ಬಾಯಾರು ಕಲಿಸಿದ್ದು ಹೀಗೆ: "ಬೆನ್ನು ನೆಟ್ಟಗ ಇರಲಿ. ನೆಲಕ್ಕ ಕೂಡಲಿಕ್ಕೆ ಆಗದವರು ಖುರ್ಚಿ ಮ್ಯಾಲ ಕೂತರೂ ನಡೀತದ. ಕಣ್ಣು ಮುಚ್ಚು. ಮೂಗಿನಿಂದ ಸಾವಕಾಶ ಉಸಿರು ತಗೋ. ಬಾಯಿ ತಗದು 'ಅ' ಅನ್ನು, ಹೊಟ್ಟ್ಯಾಗ ಗೊತ್ತಾಗ್ತದ. ತುಟಿ ದುಂಡಗ ಮಾಡು, 'ಉ' ಎದ್ಯಾಗ ಬರ್ತದ. ಆಮ್ಯಾಲ ತುಟಿ ಮುಚ್ಚಿ 'ಮ್' ಅಂತ ಎಳಿ, ಜೇನುಹುಳ ಗುಂಯ್ ಅಂದಂಗ ತಲಿತನಕ ಏರ್ತದ. ಉಸಿರು ಮುಗಿದಲ್ಲಿ ಬಿಟ್ಟುಬಿಡು, ಜಗ್ಗಬ್ಯಾಡ. ಮತ್ತ ಅಂತೀನಿ ಅಂತ ಅವಸರ ಮಾಡಬ್ಯಾಡ. ತುಸು ಸುಮ್ಮ ಕೂತು, ಆ ಸುಮ್ಮನಿರೂದನ್ನ ಕೇಳು."

ಕೆಂಚವ್ವ ಕಣ್ಣು ಮುಚ್ಚಿದಳು. ಉಸಿರು ತೆಗೆದುಕೊಂಡಳು. ಬಾಯಿ ದೊಡ್ಡದಾಗಿ ತೆರೆದು 'ಅ' ಅಂದಳು. ಹೊರಬಂದದ್ದು ಅಳು. ಮಗಳ ಮಣ್ಣಿನ ದಿನ ಕೂಡ ಹಾಗೆ ಬಾಯಿ ತೆರೆದು ಅತ್ತಿರಲಿಲ್ಲ ಅವಳು. ಬಾಯಾರು ಅವಳನ್ನು ಸಂತೈಸಲೂ ಇಲ್ಲ, ಸುಮ್ಮನಿರು ಅನ್ನಲೂ ಇಲ್ಲ. ಅವಳು ಅತ್ತು ಮುಗಿಸುವ ತನಕ ಬಾಜೂಕೆ ಕುಳಿತರು. ಆ ದಿನ ಓಂ ಆಗಲೇ ಇಲ್ಲ.

ಆದರೆ ಕೆಂಚವ್ವ ಮರುದಿನವೂ ಬಂದಳು. ಗುಳಿಗೆ ಬಿಡಲಿಲ್ಲ, ಬಾಯಾರ ಮನೆಯನ್ನೂ ಬಿಡಲಿಲ್ಲ. ಅಳುವಿನ ನಡುವೆ ಮೆಲ್ಲಗೆ 'ಅ' ನಿಂತಿತು, 'ಉ' ನಿಂತಿತು. ಒಂದು ಮುಂಜಾನೆ ಕಣ್ಣು ತೆರೆದು ಅಂದಳು, "ಬಾಯಾರ, ನಮ್ಮ ಮನಿಯಾಗ ಸುಮ್ಮನಿದ್ರ ಬಾವಿಯಾಗ ಕುಂತಂಗ ಆಗತೈತಿ. ಇವತ್ತ ಇಲ್ಲಿ ಸುಮ್ಮ ಕುಂತಾಗ ಹೆದರಿಕಿ ಬರಲಿಲ್ಲ."

ಅವತ್ತೇ ಕಾಡವ್ವನಿಗೆ ಸುದ್ದಿ ಮುಟ್ಟಿತು. ಅವಳು ಮಗನ ಮುಂದೆ ಕೂಗಾಡಿದಳು. "ಇದ್ದೊಂದು ಕೂಸು ಹೋತು. ಇನ್ನ ಈಕಿ ಓಂ ಅನಕೋತ ಕಾವಿ ಉಟಗೊಂಡು ಹೊಂಟ್ರ ನಿನ್ನ ಗತಿ ಏನೋ?"

ಅಂದಾನೆಪ್ಪ ನೆಟ್ಟಗೆ ಬಾಯಾರ ಮನೆಗೆ ಬಂದ. ಒಳಗೆ ಕಾಲಿಡಲಿಲ್ಲ, ಕಟ್ಟೆಯ ಕೆಳಗೇ ನಿಂತ.

"ನೀವು ಕಲ್ತಾವರು. ಒಂದು ಮಾತು ಕೇಳತೇನಿ, ಖರೇ ಹೇಳ್ರಿ. ಓಂ ಅಂದ್ರ ಹೋದ ಕೂಸು ತಿರುಗಿ ಬರತೈತೇನು?"

"ಇಲ್ಲ, ಅಂದಾನೆಪ್ಪ. ಬರೂದಿಲ್ಲ."

"ಮತ್ತ್ಯಾಕ ಬೇಕರಿ ಅದು?"

"ಉಳದವರು ಉಸಿರಾಡಬೇಕಲ್ಲಪಾ."

ಅಂದಾನೆಪ್ಪನಿಗೆ ಸಿಟ್ಟು ಬಂತು. "ನಾಳಿಂದ ಆಕಿ ಬರಾಂಗಿಲ್ಲ," ಅಂದವನೇ ಹೊರಟುಹೋದ.

ಕೆಂಚವ್ವ ಹೋಗುವುದು ನಿಂತಿತು. ಮನೆಯಲ್ಲಿ ಮತ್ತೆ ಭಾಂಡೆಯ ಸಪ್ಪಳ. ಮುಂಜಾನೆ ಹಿತ್ತಲಲ್ಲಿ ಭಾಂಡೆ ತಿಕ್ಕುವಾಗ ಗೋಡೆಯ ಆಚೆಯಿಂದ ಬಾಯಾರ ಒಂಟಿ ದನಿ ಸಣ್ಣಗೆ ಬರುತ್ತಿತ್ತು. ಕೆಂಚವ್ವನ ಕೈ ನಿಲ್ಲುತ್ತಿತ್ತು. ಬಾಯಾರೂ ತನ್ನಂತೆ ಒಬ್ಬರೇ ಅನ್ನುವುದು ಅವಳಿಗೆ ಆ ದನಿಯಲ್ಲಿ ತಿಳಿಯುತ್ತಿತ್ತು. ಅವಳ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ.

ಹೊಲಕ್ಕೆ ಬುತ್ತಿ ಒಯ್ಯುವುದು ದಿನವೂ ಕಾಡವ್ವನ ಕೆಲಸ. ಕೆನಾಲಿನ ಹಾದಿ ಬಿಟ್ಟರೆ ಹೊಲಕ್ಕೆ ಬೇರೆ ಹಾದಿ ಇಲ್ಲ. ಒಂದು ದಿನ ಕಾಡವ್ವನ ಮೊಣಕಾಲು ಬಾತು ಏಳಲಾಗಲಿಲ್ಲ. ಮಗಳು ಹೋದ ಮೇಲೆ ಮೊದಲ ಸಲ ಕೆಂಚವ್ವ ಆ ಹಾದಿ ತುಳಿದಳು.

ಮಟಮಟ ಮಧ್ಯಾಹ್ನ. ದಂಡೆಯ ಮೇಲೆ ಒಂದು ನರಪಿಳ್ಳೆ ಇಲ್ಲ. ಪಾವಟಿಗೆ ಕಾಣುತ್ತಲೇ ಅವಳ ಉಸಿರು ಸಿಕ್ಕಿತು. ಬುಟ್ಟಿ ಇಳಿಸಿ ಅಲ್ಲೇ ಕುಳಿತಳು. ಕೆಳಗೆ ನೀರು ಸುಮ್ಮನೆ ಹರಿಯುತ್ತಿತ್ತು. ಇಳಿದುಬಿಟ್ಟರೆ ಎಲ್ಲ ಮುಗಿಯುತ್ತದೆ ಅಂತ ಒಂದು ವಿಚಾರ ಬಂತು. ಬಂದದ್ದು ಸುಳ್ಳಲ್ಲ. ಅವಳು ಎರಡೂ ಕೈಯಿಂದ ಪಾವಟಿಗೆಯ ಕಲ್ಲು ಗಟ್ಟಿಯಾಗಿ ಹಿಡಿದಳು. ಕಣ್ಣು ಮುಚ್ಚಿದಳು. 'ಅ' ಅನ್ನಲು ನೋಡಿದಳು, ಬರಲಿಲ್ಲ. ಮತ್ತೆ ನೋಡಿದಳು. ಒಡಕು ದನಿ ಹೊರಟಿತು. ಉಸಿರು ಸಾಲಲಿಲ್ಲ, ನಡುವೆ ಕಡಿಯಿತು. ಮತ್ತೆ ಅಂದಳು. ಈ ಸಲ ತುಟಿ ಮುಚ್ಚುವ ತನಕ ಬಂತು.

ದಂಡೆಯ ಆಚೆಯೇ ಇದ್ದ ಹೊಲದಲ್ಲಿ ನೀರು ತಿರುವುತ್ತಿದ್ದ ಅಂದಾನೆಪ್ಪ ತಲೆ ಎತ್ತಿ ನೋಡಿದ. ಹೆಂಡತಿ ನೀರಿನ ಅಂಚಿಗೆ ಕುಳಿತಿದ್ದಾಳೆ. ಸಲಿಕೆ ಒಗೆದು ಓಡಿದ. ಹತ್ತಿರ ಬಂದಾಗ ಅವನಿಗೆ ಆ ದನಿ ಕೇಳಿತು. ಕೆಂಚವ್ವನ ಕಣ್ಣಿಂದ ನೀರು ಹರಿಯುತ್ತಿತ್ತು. ಆದರೆ ಉಸಿರು ಸಾವಕಾಶ ಏರಿ ಸಾವಕಾಶ ಇಳಿಯುತ್ತಿತ್ತು.

"ಕೆಂಚವ್ವಾ," ಅಂದ.

ಅವಳು ಕಣ್ಣು ತೆರೆದಳು. "ಹೆದರಬ್ಯಾಡ್ರಿ. ಬೀಳಾಕ ಬಂದಿಲ್ಲ. ಉಸಿರು ಸಿಕ್ಕಿತ್ತು, ಬಿಡಿಸ್ಕೊಳ್ಳಾಕ ಹತ್ತೇನಿ."

ಅಂದಾನೆಪ್ಪ ಅವಳ ಬಾಜೂಕೆ ಕುಳಿತ. ನೀರಿನ ಕಡೆ ಕೈ ಮಾಡಿದ. ಆಮೇಲೆ ಕೇಳಿದ, "ಮಧು... ಇಲ್ಲೇ ಏನು?"

ಯಾವ ಪಾವಟಿಗೆ ಅಂತ ಅವನು ಯಾರನ್ನೂ ಕೇಳಿರಲಿಲ್ಲ. ಎರಡು ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಬಂದಿತ್ತು.

"ಹೂಂ. ಈ ಪಾವಟಿಗಿ ಮ್ಯಾಲ."

"ನನಗೂ ಉಸಿರು ಹಿಡೀತೈತಿ, ಕೆಂಚವ್ವ. ಹೊಲದಾಗ ಒಬ್ಬನ ಇದ್ದಾಗ. ಗಂಡಸ ನಾನು, ಯಾರ ಮುಂದ ಹೇಳ್ಲಿ? ಮನಿಯಾಗ ನಿಂತ್ರ ನಿನ್ನ ಮಾರಿಯಾಗ ಆಕಿ ಮಾರಿ ಕಾಣತೈತಿ. ಅದಕ್ಕ ಓಡಿ ಬರತೇನಿ."

"ನೀವು ನನ್ನಿಂದ ಬ್ಯಾಸತ್ತು ಹೋಗತೀರಿ ಅಂತ ತಿಳಕೊಂಡಿದ್ನಿ," ಅಂದಳು ಕೆಂಚವ್ವ. "ಇದೊಂದು ಮಾತು ಹೇಳಿದ್ರ ಸಾಕಿತ್ತಲ್ರಿ."

ಅವನು ತಲೆ ತಗ್ಗಿಸಿದ. ನೆಲ ನೋಡುತ್ತಲೇ ಕೇಳಿದ, "ಹೆಂಗ ಅನ್ನೂದು ಅದು?"

ಅವಳು ಹೇಳಿಕೊಟ್ಟಳು. ಅಂದಾನೆಪ್ಪ ಬಾಯಿ ತೆರೆದ. ಅವನ 'ಅ' ಕೂಡ ಅರ್ಧಕ್ಕೇ ಒಡೆಯಿತು. ಹೆಗಲ ಮೇಲಿನ ಟವೆಲು ಮುಖಕ್ಕೆ ಒತ್ತಿಕೊಂಡು ಗಂಡಸು ಅತ್ತ. ಕೆಂಚವ್ವ ಅವನ ಬಾಜೂಕೆ ಕುಳಿತು ಕಾದಳು. ಬುತ್ತಿ ಆರಿ ತಣ್ಣಗಾಯಿತು.

ಆ ವಾರವೇ ಅಂದಾನೆಪ್ಪ ಹೆಂಡತಿಯ ಜೋಡಿ ಸವದತ್ತಿಗೆ ಹೋಗಿ ಡಾಕ್ಟರಿಗೆ ತೋರಿಸಿಕೊಂಡ. ಕೆನಾಲಿನ ದಂಡೆಯ ಮೇಲೆ ಬಂದ ಆ ವಿಚಾರವನ್ನೂ ಕೆಂಚವ್ವ ಡಾಕ್ಟರ ಮುಂದೆ ಮುಚ್ಚಿಡದೆ ಹೇಳಿದಳು. "ಹೇಳಿದ್ದು ಬಾಳ ಚಲೋ ಆತು. ಮತ್ತ ಹಂಗ ಅನಿಸಿದ್ರ ಒಬ್ಬರ ಇರಬ್ಯಾಡ್ರಿ, ಆಗಿಂದಾಗ ಬರ್ರಿ," ಅಂದರು ಅವರು.

ಕೆಂಚವ್ವ ಮತ್ತೆ ಮುಂಜಾನೆ ಬಾಯಾರ ಮನೆಗೆ ಹೋಗತೊಡಗಿದಳು. ಕಾಡವ್ವ ಮೊದಲು ಕೆಲವು ದಿನ ಮೋರೆ ತಿರುವಿಕೊಂಡೇ ಇದ್ದಳು. ಆದರೆ ಮಗ ಮನೆಯಲ್ಲಿ ನಿಲ್ಲತೊಡಗಿದ್ದು, ಸೊಸೆಯ ಜೋಡಿ ಮಾತಾಡತೊಡಗಿದ್ದು ಅವಳ ಕಣ್ಣಿಗೆ ಬೀಳದೆ ಇರಲಿಲ್ಲ. ಒಂದು ಮುಂಜಾನೆ ಕೋಲು ಊರಿಕೊಂಡು ತಾನೇ ಬಾಯಾರ ಮನೆಗೆ ಬಂದಳು.

"ಬಾಯಾರ, ನನಗ ಹಲ್ಲಿಲ್ಲ. ಓಂ ಅನ್ನಾಕ ಬರತೈತೇನ್ರಿ?"

"ಅದಕ್ಕ ಹಲ್ಲು ಬ್ಯಾಡ ಕಾಡವ್ವ, ಉಸಿರಿದ್ರ ಸಾಕು," ಅಂದರು ಬಾಯಾರು. ಆಮೇಲೆ ಒಳಗೆ ಹೋಗಿ ಇನ್ನೊಂದು ಚಾಪೆ ಹುಡುಕಿದರು. ಆ ಮನೆಯಲ್ಲಿ ಎರಡನೇ ಚಾಪೆ ಹಾಸಿ ವರ್ಷಗಳಾಗಿದ್ದವು.

ಮಧು ಇಲ್ಲದ ಮನೆ ಮಧು ಇಲ್ಲದ ಮನೆಯೇ. ಸಂಜೆ ಸಾಲೆ ಬಿಟ್ಟು ಮಕ್ಕಳು ಓಣಿಯಲ್ಲಿ ಬರುವ ಹೊತ್ತಿಗೆ ಕೆಂಚವ್ವನ ಎದೆ ಇವತ್ತಿಗೂ ಭಾರವಾಗುತ್ತದೆ. ಓಂಕಾರ ಆ ದುಃಖ ಅಳಿಸಿಲ್ಲ. ಅದರ ಜೋಡಿ ಉಸಿರಾಡುವುದನ್ನು ಕಲಿಸಿದೆ, ಒಂದು ಮನೆಯಲ್ಲಿ ಬೇರೆ ಬೇರೆ ಅಳುತ್ತಿದ್ದವರನ್ನು ಒಂದೇ ಚಾಪೆಗೆ ತಂದಿದೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಎದೆ ಹೊಡೆದುಕೊಂಡರೆ, ಉಸಿರು ಸಿಕ್ಕಿದರೆ ಮೊದಲು ದವಾಖಾನೆಗೆ ಹೋಗಿರಿ. ಡಾಕ್ಟರು ಕೊಟ್ಟ ಗುಳಿಗೆ ನಿಮ್ಮಷ್ಟಕ್ಕೆ ನೀವೇ ಬಿಡಬೇಡಿರಿ. ಅದರ ಜೋಡಿ ಮುಂಜಾನೆ ತುಸು ಹೊತ್ತು ಕುಳಿತು ಓಂಕಾರ ಹೇಳಿರಿ. ಹೆಂಗಸರು, ಗಂಡಸರು, ಯಾವ ಜಾತಿಯವರೂ ಹೇಳಬಹುದು. ಓಂ ಅನ್ನಲು ಮನಸ್ಸು ಒಪ್ಪದವರು ತಮ್ಮ ದೇವರ ಹೆಸರನ್ನೇ ಉಸಿರು ಉದ್ದ ಬಿಟ್ಟು ಹೇಳಲಿ, ಇಲ್ಲವೇ ತುಟಿ ಮುಚ್ಚಿ ಗುಂಯ್ ಅನ್ನಲಿ. ಬದುಕು ಸಾಕು ಅನಿಸಿದರೆ ಅದನ್ನು ಒಬ್ಬರೇ ಹೊತ್ತುಕೊಂಡು ಕೂಡಬೇಡಿರಿ. ಮನೆಯವರಿಗೆ, ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿರಿ.

ನಿಮ್ಮ ಓಣಿಯಲ್ಲೂ ಮುಂಜಾನೆಯಿಂದ ಒಂದು ಮಾತೂ ಆಡದವರು ಯಾರಾದರೂ ಇದ್ದೇ ಇರುತ್ತಾರೆ. ನಾಳೆ ಅವರ ಬಾಗಿಲು ಬಡಿಯಿರಿ. ಒಳಗೆ ಕರೆಯದಿದ್ದರೆ ಹೊರಗಿನ ಕಟ್ಟೆಯ ಮೇಲಾದರೂ ಕುಳಿತುಕೊಳ್ಳಿರಿ.